ಅವ್ವನ ಚಪ್ಪಲಿ

ಆಗೆಲ್ಲ ತಪಸ್ಸುಕಾಲ ಬಂತೆಂದರೆ ಹನೂರು ಕಡೆಯ ನಮ್ಮ ಕ್ರೈಸ್ತರ ಕೇರಿಯಲ್ಲಿ ನಲವತ್ತು ದಿನ ಬಾಡಿನ ಸಾರಿನ ಘಮವೇ ಇರುತ್ತಿರಲಿಲ್ಲ. ಮನೆಮನೆಯಲ್ಲೂ ಮುದ್ದೆ, ಹುರುಳಿ ಸಾರು. ಶುಕ್ರವಾರ ಸಂಜೆ ಶಿಲುಬೆ ಹಾದಿಯ ಪ್ರಾರ್ಥನೆ. ಮಕ್ಕಳಾದ ನಾವು ಚರ್ಚಿನ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತ ಪಾಸ್ಕ ಹಬ್ಬಕ್ಕೆ ಇನ್ನೆಷ್ಟು ದಿನ ಎಂದು ಎಣಿಸುತ್ತಿದ್ದೆವು. ಯೇಸುಸ್ವಾಮಿ ಸಾವಿನಿಂದ ಎದ್ದುಬಂದ ದಿನ ಅದು. ನಮ್ಮ ಪಾಲಿಗೆ ಬಾಡೂಟದ ದಿನ.

ನನಗೆ ಒಂಬತ್ತು ತುಂಬಿದ ವರ್ಷ ಆ ಎಣಿಕೆಯೇ ಬೇರೆಯಾಯಿತು. ತಪಸ್ಸುಕಾಲ ಶುರುವಾಗಲು ಎರಡು ದಿನವಿದೆ ಎನ್ನುವಾಗ ಅವ್ವ ತೀರಿಕೊಂಡಳು. ಜ್ವರದಲ್ಲಿ ಎಚ್ಚರ ತಪ್ಪಿದವಳನ್ನು ಜೀಪಿನಲ್ಲಿ ಕೊಳ್ಳೇಗಾಲಕ್ಕೆ ಕರೆದೊಯ್ದಾಗ ಚಪ್ಪಲಿ ಬಾಗಿಲ ಬಳಿಯೇ ಉಳಿಯಿತು. ಪೆಟ್ಟಿಗೆಯಲ್ಲಿ ಮಲಗಿಸಿದಾಗಲೂ ಬರಿಗಾಲು. ಎಲ್ಲರೂ ಅವಳ ಮುಖ ನೋಡಿ ಅತ್ತರು, ನಾನು ಕಾಲನ್ನೇ ನೋಡುತ್ತಿದ್ದೆ. ಹಿಮ್ಮಡಿಯ ಬಿರುಕಿನಲ್ಲಿ ಹೊಲದ ಕೆಮ್ಮಣ್ಣು ಇನ್ನೂ ಇತ್ತು.

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಊಟದ ನಡುವೆ ಎದ್ದು ಬಾಗಿಲಿಗೆ ಹೋಗುತ್ತಿದ್ದೆ. ಯಾರಾದರೂ ಆ ಚಪ್ಪಲಿ ಸರಿಸಿದರೆ ಜಗಳಕ್ಕೇ ಬೀಳುತ್ತಿದ್ದೆ. ಒಂದು ಭಾನುವಾರ ಜ್ಞಾನೋಪದೇಶದ ತರಗತಿಯಲ್ಲಿ ಸಿಸ್ಟರು, "ಯೇಸುವನ್ನ ನಂಬಿ ಸತ್ತವರೂ ಅವರ ಹಾಗೇ ಏಳ್ತಾರೆ" ಎಂದರು. ಯಾವತ್ತು ಎಂದು ಕೇಳುವ ತಾಳ್ಮೆ ನನಗೆಲ್ಲಿತ್ತು? ಸ್ವಾಮಿ ಎದ್ದದ್ದು ಪಾಸ್ಕದ ದಿನ, ಅವ್ವನೂ ಅಂದೇ ಏಳುತ್ತಾಳೆ ಎಂದು ನಾನೇ ತೀರ್ಮಾನಿಸಿಬಿಟ್ಟೆ. ಸಮಾಧಿಗಳಿದ್ದ ಕಲ್ಲರೆ ತೋಟದಿಂದ ಮನೆಯವರೆಗೆ ದಾರಿಯೆಲ್ಲ ಜಾಲಿಮುಳ್ಳು. ಯಾರಿಗೂ ಹೇಳದೆ ಚಪ್ಪಲಿ ತೊಳೆದು ಒಣಗಿಸಿಟ್ಟೆ.

ಪಾಸ್ಕದ ಮುಂಜಾನೆ ಎಲ್ಲರೂ ಮಲಗಿದ್ದಾಗ ಅದನ್ನು ತೆಗೆದುಕೊಂಡು ಹೊರಟೆ. ಅವ್ವನ ಮಣ್ಣುಗುಡ್ಡೆಯ ಬುಡದಲ್ಲಿ, ತುದಿ ಮನೆಯ ಕಡೆಗಿರುವಂತೆ ಜೋಡಿಸಿಟ್ಟು ಕಾದೆ. ತರಗೆಲೆ ಸರಿದರೂ ಎದ್ದು ನಿಲ್ಲುತ್ತಿದ್ದೆ. ಬಿಸಿಲೇರಿತು. ಊರ ಕಡೆಯಿಂದ ಮಸಾಲೆ ಹುರಿಯುವ ವಾಸನೆ ಬಂತು. ಅವ್ವ ಬರಲಿಲ್ಲ. ಏದುಸಿರು ಬಿಡುತ್ತ ಬಂದದ್ದು ಅಪ್ಪನ ತಾಯಿ, ನಮ್ಮಜ್ಜಿ.

"ಊರೆಲ್ಲ ಉಡುಕ್ದೆ. ಇಲ್ಲೇನ್ ಮಾಡ್ತಿದ್ದೀಯ ಕಣ್ಣು?"

"ಅವ್ವ ಇವತ್ತು ಏಳ್ತಳೆ. ಬರಿಗಾಲಲ್ಲಿ ಎಂಗೆ ಬತ್ತಳೆ?"

ಅಜ್ಜಿ ಬೈಯಲಿಲ್ಲ. ಪಕ್ಕದಲ್ಲಿ ಕುಕ್ಕರಿಸಿದಳು.

"ಏಳದು ದಿಟ ಕಣವ್ವ. ನಿಮ್ಮ ತಾತ ಇಲ್ಲಿ ಮಲಗಿ ಇಪ್ಪತ್ತೊರ್ಸ ಆಯ್ತು. ನಾನೂ ನಂಬ್ಕಂಡು ಕಾಯ್ತಾ ಇವ್ನಿ. ಯಾವತ್ತು ಅಂತ ಸ್ವಾಮಿ ನಂಗೂ ತಿಳಿಸಿಲ್ಲ."

"ಮತ್ತೆ ನೀನ್ಯಾಕೆ ದಿನಾ ಇಲ್ಲಿ ಬಂದು ಕೂರಲ್ಲ?"

"ಒಲೆ ಅಚ್ಬೇಕಲ್ಲ, ನಿಂಗೆ ಉಣ್ಣಕ್ಕಿಕ್ಬೇಕಲ್ಲ. ಅದ್ನ ಮಾಡ್ಕಂಡೇ ಕಾಯದು."

ನನಗೆ ಸಿಟ್ಟು ಬಂತು. "ನಾವು ಒಂಟೋದ್ಮೇಲೆ ಅವ್ವ ಎದ್ರೆ?"

"ಕೈ ಇಡ್ಕಂಡು ಕರ್ಕಬರಕ್ಕೆ ಸ್ವಾಮಿ ಅವ್ನೆ. ಅವನ್ಗೆ ನಮ್ಮನೆ ಗೊತ್ತು."

ಏಳಲು ಹೋದ ಅಜ್ಜಿ ಮುಖ ಹಿಂಡಿ ಮತ್ತೆ ಕುಳಿತಳು. ಗಾಬರಿಯಲ್ಲಿ ಬರಿಗಾಲಲ್ಲೇ ಓಡಿ ಬಂದಿದ್ದಳು, ಅಂಗಾಲಿನಲ್ಲಿ ಜಾಲಿಮುಳ್ಳು ಮುರಿದಿತ್ತು. ಅವಳ ಸೆರಗಿನ ಪಿನ್ನಿನಿಂದ ಅದನ್ನು ಕಿತ್ತೆ. ಆಮೇಲೆ ಚಪ್ಪಲಿಯನ್ನು ನೋಡಿದೆ. ಮನಸ್ಸಿರಲಿಲ್ಲ. ಆದರೂ ಅವಳ ಕಡೆ ತಳ್ಳಿದೆ.

"ಆಕ್ಕೋ. ಮನೇಗೆ ಓದ್ಮೇಲೆ ಕೊಟ್ಬುಡು."

ಅಜ್ಜಿಯ ಹಿಮ್ಮಡಿ ಚಪ್ಪಲಿಯಿಂದ ಆಚೆ ಚಾಚಿತ್ತು. ನಾನು ಹಿಂದೆ ನೋಡುತ್ತಲೇ ಅವಳ ಜೊತೆ ನಡೆದೆ. ಆ ಮಧ್ಯಾಹ್ನ ಊಟದ ನಡುವೆ ಬಾಗಿಲಿಗೆ ಒಂದೇ ಸಲ ಎದ್ದುಹೋದೆ.

ಈಗ ಅಜ್ಜಿಯೂ ಆ ತೋಟದಲ್ಲಿದ್ದಾಳೆ. ಸತ್ತವರು ಏಳುತ್ತಾರೆಂದು ಪ್ರತಿ ಭಾನುವಾರ ಚರ್ಚಿನ ಪ್ರಾರ್ಥನೆಯಲ್ಲಿ ಎಲ್ಲರೊಂದಿಗೆ ಹೇಳುತ್ತೇನೆ. ನಂಬಿಯೇ ಹೇಳುತ್ತೇನೆ. ಹೇಳಿ ಮುಗಿಸಿ ಮೊಬೈಲು ನೋಡುತ್ತೇನೆ. ಅಜ್ಜಿಯನ್ನು ಮಣ್ಣು ಮಾಡಿದ ಮಾರನೆಯ ದಿನ ಮನೆ ಗುಡಿಸುವಾಗ ಅವಳ ಚಪ್ಪಲಿಯನ್ನು ಕಸಕ್ಕೆ ಎಸೆದವಳು ನಾನೇ. ಆಗ ನನಗೆ ಏನೂ ಅನ್ನಿಸಲಿಲ್ಲ. ಮೂರು ದಿನ ಕಳೆದು ಆ ಜಾಲಿಮುಳ್ಳಿನ ದಾರಿ ನೆನಪಾಗಿ, ತಿಪ್ಪೆಯನ್ನೆಲ್ಲ ಕೆದಕಿದೆ, ಸಿಗಲಿಲ್ಲ. ಇವತ್ತೇ ಏಳಬಹುದು ಎಂದು ಮುಂಜಾನೆ ಓಡಿದ ಆ ಹುಡುಗಿ ನನ್ನೊಳಗಿಂದ ಯಾವಾಗ ಎದ್ದುಹೋದಳೋ ತಿಳಿಯದು.

ಅವ್ವನ ಜೋಡು ಮಾತ್ರ ಉಳಿದಿದೆ. ಈ ಪಾಸ್ಕಕ್ಕೆ ತೊಳೆದು ಬಾಗಿಲಲ್ಲಿ ಇಟ್ಟಿದ್ದೇನೆ. ಇಬ್ಬರಲ್ಲಿ ಯಾರು ಮೊದಲು ಎದ್ದರೂ ಅವರಿಗಿರಲಿ.