ಐದನೇ ರಾಜ

ಶ್ರೀನಿವಾಸಪುರದ ಮಾವಿನ ಮಂಡಿ ಹಿಂದೆ ಇಪ್ಪತ್ತೊಂದರ ಇಸ್ಪೀಟಾಟ ನಡೆಸಿ ಕೂಲಿಯವರ ಜೇಬು ಬೋಳಿಸುವ ಒಬ್ಬನನ್ನು ಕಂಡರೆ ನನಗೆ ಮೈಯೆಲ್ಲ ಉರಿ. ನನ್ನ ಭಾಷಣಕ್ಕೆ ಅವನು ಬಗ್ಗಲಿಲ್ಲ. ಅವನ ಆಟದಲ್ಲೇ ಅವನನ್ನು ಮುಳುಗಿಸಬೇಕೆಂದು ಫೋನಿನಲ್ಲಿ ವಿಡಿಯೋ ನೋಡಿ ಎಲೆ ಎಣಿಸುವುದನ್ನು ಕಲಿತೆ. ಒಂದೇ ಕಟ್ಟು ಇರುವ, ಆಡಿದ ಎಲೆಗಳನ್ನು ತಕ್ಷಣ ಮತ್ತೆ ಕಲೆಸದ ಕಡೆ ಮಾತ್ರ ಕೂರಬೇಕು. ದೊಡ್ಡ ಎಲೆಗಳು ಉಳಿದಾಗ ಪಂದ್ಯ ಏರಿಸಬೇಕು. ಇವನ ಆಟ ಹಾಗೇ ಇತ್ತು.

ರಾಜ ನಾಲ್ಕೂ ಹೋಗಿದ್ದವು, ಆದರೆ ಸಣ್ಣ ಎಲೆಗಳೂ ಬಹುಪಾಲು ಮುಗಿದಿದ್ದವು, ಹನ್ನೊಂದರ ಬೆಲೆಯ ಎಕ್ಕ ಒಂದೂ ಬಿದ್ದಿರಲಿಲ್ಲ. ಇದೇ ಸಮಯವೆಂದು ಬೈಕಿನ ಕೀಲಿ ತೆಗೆದೆ. ಪಂದ್ಯಕ್ಕೆ ಇಡುವಷ್ಟರಲ್ಲಿ ಪಕ್ಕದ ಹಮಾಲಿಗೆ ಇನ್ನೊಂದು ರಾಜ ಬಿತ್ತು.

"ಐದನೇ ರಾಜ ಎಲ್ಲಿಂದ ಬಂತಯ್ಯ, ಕಳ್ಳ!" ಎಂದೆ.

"ಕಳ್ಳತನ ಯಾಕಣ್ಣಾ? ನಾಕೈದು ಎಲೆ ಕೋತಿ ಎತ್ಕೊಂಡೋಯ್ತು. ಹಳೇ ಕಟ್ಟಿಂದ ಕೈಗೆ ಸಿಕ್ಕಿದ್ದು ಸೇರಿಸ್ದೆ. ಐವತ್ತೆರಡೇ ಇದೆ, ಬೇಕಿದ್ರೆ ಎಣಿಸ್ಕೋ!"

ಹಮಾಲಿ ನಕ್ಕ. "ನಮಗೆಲ್ಲ ಗೊತ್ತು ಕಣಣ್ಣಾ. ಇದ್ರಲ್ಲಿ ಎಕ್ಕ ಒಂದೇ ಇರೋದು."

ಕೀಲಿಯನ್ನು ಜೇಬಿಗಿಳಿಸಿ ಎದ್ದೆ. ನನ್ನ ಹಳೇ ಬೈಕಿನ ಸದ್ದು ಅಷ್ಟು ಹಿತವಾಗಿ ಎಂದೂ ಕೇಳಿಸಿರಲಿಲ್ಲ. ವಿಡಿಯೋದವನು ಎಲ್ಲ ಲೆಕ್ಕವನ್ನೂ ಕಲಿಸಿದ್ದ, ಕೋತಿಯದೊಂದು ಬಿಟ್ಟು.