ಕೌಂಟ್ ಸರಿಯಾಗುವವರೆಗೆ

ಉಗುರಿನ ಸಂದಿಯಲ್ಲಿ ಗ್ರೀಸ್ ಇಲ್ಲದ ಮೆಕ್ಯಾನಿಕ್ ಎಂದರೆ ನಾನು ನೋಡಿದ್ದು ಅವರೊಬ್ಬರನ್ನೇ. ಬುಡಮಟ್ಟ ಕತ್ತರಿಸಿದ ಉಗುರು, ಮೊಣಕೈವರೆಗೆ ಆಸ್ಪತ್ರೆ ಸೋಪಿನ ವಾಸನೆ. ಗಲ್ಫಿನ ರಿಫಾದಲ್ಲಿ ನಮ್ಮ ಎದುರು ಫ್ಲ್ಯಾಟಿನವರು, ಮಂಗಳೂರು ಕಡೆಯವರು, ಆಪರೇಷನ್ ಥಿಯೇಟರಿನ ನರ್ಸ್. ಇಡೀ ಬಿಲ್ಡಿಂಗಿಗೆ ಸಿಸ್ಟರ್. ಡಾಕ್ಟರುಗಳೂ ಅವರಿಗೆ ಹೆದರುತ್ತಿದ್ದರಂತೆ, ನಾನಂತೂ ಹೆದರುತ್ತಿದ್ದೆ.

ಊರಿಗೆ ಹೊರಟ ಇಂಗ್ಲಿಷ್ ಡಾಕ್ಟರೊಬ್ಬರು ಅವರಿಗೆ ಬಿಟ್ಟುಹೋದ ಹಳೇ ಬೈಕೊಂದಿತ್ತು. ಅಲ್ಲಿನ ವಾರದ ರಜೆಯಾದ ಶುಕ್ರವಾರ ಚರ್ಚ್ ಮುಗಿಸಿ, ಹೆಲ್ಮೆಟ್ ಏರಿಸಿ, ಗುಡುಗುಡು ಸದ್ದು ಮಾಡುತ್ತಾ ಗೇಟು ದಾಟಿದರೆ ವಾಚ್‌ಮನ್ ಎದ್ದು ನಿಂತು ಸಲಾಮು ಹೊಡೆಯುತ್ತಿದ್ದ. ದಾವಣಗೆರೆಯಿಂದ ಹೋದ ನಾನು ಅವರಿಗೆ ಸ್ಪ್ಯಾನರ್ ಎತ್ತಿಕೊಡುವವನಾದೆ.

ಅವರು ರಿಟೈರಾಗಿ ಊರಿಗೆ ಹೊರಡುವ ಮುಂಚಿನ ಕೊನೆಯ ಶುಕ್ರವಾರ ಹಳೇ ಬೈಕಿನವರೆಲ್ಲ ಸೇರಿ ಮರುಭೂಮಿಯ ರಸ್ತೆಗೆ ಹೊರಡುವುದಿತ್ತು. ಸಿಸ್ಟರಿಗೆ ಆ ಸವಾರಿಯದೇ ಧ್ಯಾನ. ಆದರೆ ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರ್‌ಗಳೆರಡೂ ಎಣ್ಣೆ ಕಾರಿ ಕೈಕೊಟ್ಟಿದ್ದವು. ಹೊಸ ಜೋಡಿ ಸಲ್ಮಾಬಾದಿನ ಅಂಗಡಿಗೆ ಬಂದದ್ದು ಗುರುವಾರ ಸಂಜೆ. ಮರುದಿನ ಬೆಳಕು ಹರಿಯುತ್ತಲೇ ಇಬ್ಬರೂ ಪಾರ್ಕಿಂಗಿನಲ್ಲಿ ಕೂತೆವು.

ಅಲ್ಲೂ ಥಿಯೇಟರಿನ ಪದ್ಧತಿಯೇ. ನೆಲಕ್ಕೆ ಹಸಿರು ಬಟ್ಟೆ, ಅದರ ಮೇಲೆ ಬಿಚ್ಚಿದ ನಟ್ಟು, ವಾಷರುಗಳು ಎಡಬಲ ಸಾಲಾಗಿ. ಆಪರೇಷನ್ ಮುಗಿಸಿ ಹೊಲಿಯುವ ಮುಂಚೆ ಒಳಗೇನೂ ಉಳಿದಿಲ್ಲವೆಂದು ಕತ್ತರಿ, ಬಟ್ಟೆ ಎಣಿಸುವಂತೆ, ಇಲ್ಲಿ ಬಿಗಿಯುವ ಮುಂಚೆ ಬಾಯಿಬಿಟ್ಟು ಎಣಿಕೆ. ಎಡಗಡೆ ಕೂರಿಸಿ ಆಯಿತು. ಬಲಗಡೆ ಅವರ ಕೈ ನಿಂತಿತು.

"ಒಳಗಿನ ಬುಷ್ ಎಡಕ್ಕೆ ಉಂಟು, ಬಲಕ್ಕೆ ಇಲ್ಲ."

ಬೋಲ್ಟು ಅಲ್ಲಾಡದಂತೆ ಹಿಡಿಯುವ ಕಬ್ಬಿಣದ ಕೊಳವೆ ಅದು. ಹೊಸದರ ಜೊತೆ ಬಂದಿರಲಿಲ್ಲ, ಹಳೆಯದನ್ನೇ ಹಾಕಬೇಕಿತ್ತು. ಜೊತೆಯವರು ಆಗಲೇ ಫೋನು ಮಾಡುತ್ತಿದ್ದರು.

"ಸಿಸ್ಟರ್, ಹಂಗೇ ಟೈಟ್ ಮಾಡಿ ನಿಧಾನಕ್ಕೆ ಹೋದ್ರಾಯ್ತಲ್ಲ?"

"ಎಂತ ಮಾತಾಡುದು ಮಾರಾಯ? ಕೌಂಟ್ ಸರಿ ಆಗದೆ ಒಬ್ಬರ ಹೊಟ್ಟೆ ಮುಚ್ಚಲಿಕ್ಕೂ ನಾನು ಬಿಟ್ಟವಳಲ್ಲ. ಹೋಗ್ಲಿಕ್ಕೆ ಆಗದಿದ್ರೆ ಬೇಡ." ಹಾಗೆಂದವರು ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಗೇಟಿನ ಕಡೆ ನೋಡಿದರು.

ಬುಷ್ ಹಳೇ ಶಾಕ್‌ನಲ್ಲೇ ಸಿಕ್ಕಿಕೊಂಡಿರಬೇಕು ಎಂದು ನನಗೆ ಹೊಳೆಯಿತು. ಅವನ್ನು ವಾಚ್‌ಮನ್ ಆಗಲೇ ಕಸದ ಡಬ್ಬಿಗೆ ಹಾಕಿದ್ದ, ಬೀದಿಯ ತುದಿಯಲ್ಲಿ ಕಸದ ಲಾರಿ ತಿರುಗುತ್ತಿತ್ತು. ಎದ್ದೆನೋ ಬಿದ್ದೆನೋ ಎಂದು ಓಡಿ ಡಬ್ಬಿಯೊಳಕ್ಕೇ ಇಳಿದೆ. ಮೀನಿನ ಮುಳ್ಳು, ಕೊಳೆತ ಟೊಮೆಟೊ, ಅದರಡಿ ಶಾಕ್! ತಂದು ಬಡಿದರೆ ಬುಷ್ ಠಣ್ಣೆಂದು ಹಸಿರು ಬಟ್ಟೆಯ ಮೇಲೆ ಬಿತ್ತು.

ಅವರು ಕೂರಿಸಿದರು, ಬಿಗಿದರು, ಮತ್ತೆ ಎಣಿಸಿದರು. "ಕೌಂಟ್ ಸರಿ. ಹಿಂದೆ ಕೂರು. ಆದ್ರೆ ನನ್ನನ್ನು ಮುಟ್ಬೇಡ, ನಾರ್ತಾ ಇದ್ದೀ."

ಮರುಭೂಮಿಯ ರಸ್ತೆಯಲ್ಲಿ ಮುಂದೆ ಹೋದವರ ಸಾಲು ಕಂಡಾಗ ಸಿಸ್ಟರ್ ಕೊಂಕಣಿಯಲ್ಲಿ ಏನೋ ಕೂಗಿ ಹಾರ್ನ್ ಒತ್ತಿದ್ದು ಒತ್ತಿದ್ದೇ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಬೈಕನ್ನೂ ಹಸಿರು ಬಟ್ಟೆಯನ್ನೂ ನನಗೆ ಕೊಟ್ಟು ಹೋದರು. ಕೆಲವು ವರ್ಷಗಳ ನಂತರ, ಅದೇ ಹಿಂದಿನ ಚಕ್ರ ಬಿಚ್ಚಿಕೊಂಡು ಕೂತಿದ್ದಾಗ ಮಂಗಳೂರಿನಿಂದ ಅವರ ತಮ್ಮ ಫೋನು ಮಾಡಿದರು. ಹೃದಯಾಘಾತ, ನಿದ್ದೆಯಲ್ಲೇ. ಫೋನಿಟ್ಟು ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು, ಬಟ್ಟೆಯ ಮೇಲಿದ್ದುದನ್ನೆಲ್ಲ ಒಂದೊಂದಾಗಿ ಬಾಯಿಬಿಟ್ಟು ಎಣಿಸಿದೆ.

"ಕೌಂಟ್ ಸರಿ ಇದೆ, ಸಿಸ್ಟರ್" ಎಂದೆ. ಆಮೇಲೆಯೇ ಬಿಗಿದೆ.