ಗೋಲು ಹೊಡೆದು ತಲೆ ತಗ್ಗಿಸುವವನು

ಶನಿವಾರ ಬೆಳಗಿನ ಮಬ್ಬು ಇನ್ನೂ ಹರಿದಿಲ್ಲ. ಥಾರ್ನ್‌ಡೈಕ್ ಟೌನ್ ಕ್ಲಬ್ಬಿನ ಮೈದಾನದಲ್ಲಿ, ಕಾಲುವೆ ಕಡೆಯ ಗೋಲುಕಂಬಗಳ ಮುಂದೆ, ಗ್ಯಾರೆತ್ ಪಿಲಿಂಗ್ ಕೆಸರಲ್ಲಿ ನಿಂತು ನೆಲ ಚುಚ್ಚುತ್ತಿದ್ದಾನೆ. ಕೈಯಲ್ಲಿ ತೋಟಗೆಲಸದ ನಾಲ್ಕು ಹಲ್ಲಿನ ಫೋರ್ಕು. ಹಲ್ಲುಗಳನ್ನು ಬೂಟಿನಿಂದ ಒತ್ತಿ ಇಳಿಸುತ್ತಾನೆ, ಹಿಡಿಯನ್ನು ಒಮ್ಮೆ ಅಲ್ಲಾಡಿಸುತ್ತಾನೆ, ಎಳೆದುಕೊಂಡು ಅಂಗೈ ಅಗಲ ಪಕ್ಕಕ್ಕೆ ಸರಿಯುತ್ತಾನೆ. ಮೂರು ದಿನ ಸುರಿದ ನೀರು ಆ ತೂತುಗಳಲ್ಲಿ ಗುಳುಗುಳು ಎಂದು ಇಳಿಯುತ್ತದೆ. ಇಳಿಯದೆ ಉಳಿದದ್ದನ್ನು ಸ್ಪಂಜಿನಿಂದ ಹೀರಿಸಿ ಬಕೆಟ್ಟಿಗೆ ಹಿಂಡುವುದು ಮಾರ್ಲೀನ್ ಕೆಲಸ. ಮೈದಾನದ ಉಸ್ತುವಾರಿ ಅವಳದು. ಆಟಗಾರರು, ರೆಫರಿಗಳು, ಕ್ಲಬ್ಬಿನ ಅಧ್ಯಕ್ಷರು, ಎಲ್ಲರೂ ಅವಳಿಗೆ 'ಮರಿ'.

"ಅಲ್ಲೇ ಚುಚ್ಚಬೇಡ ಮರಿ. ಇನ್ನು ಸ್ವಲ್ಪ ಹೋದ್ರೆ ಕಲ್ಲಿದ್ದಲು ಸಿಗತ್ತೆ."

"ಸಿಕ್ಕಿದ್ರೆ ಅರ್ಧ ನಿಂಗೆ."

"ಮೂವತ್ತೇಳು ವರ್ಷದ ಮೊಣಕಾಲಿಟ್ಟುಕೊಂಡು ಬೆಳಿಗ್ಗೇನೇ ಬಂದು ಇಲ್ಲಿ ಕುಣೀತಿದೀಯ. ಮಧ್ಯಾಹ್ನ ಆಡೋದು ಯಾರು, ನಾನಾ?"

"ನೀನು ಆಡಿದ್ರೂ ಆಡ್ತೀಯ. ನನಗಿಂತ ಜೋರಾಗಿ ಓಡ್ತೀಯ."

ಪಂದ್ಯದ ದಿನ ಆಟಗಾರನೇ ಬಂದು ಮೈದಾನ ಒಣಗಿಸಬೇಕೆಂಬ ನಿಯಮ ಈ ಕ್ಲಬ್ಬಿನಲ್ಲಿಲ್ಲ. ಬಂದವನೂ ಅವನೊಬ್ಬನೇ. ಉಳಿದವರು ಹಾಸಿಗೆಯಲ್ಲಿದ್ದಾರೆ, ಒಂದಿಬ್ಬರು ಅರ್ಧ ದಿನದ ಕೆಲಸಕ್ಕೆ ಹೋಗಿದ್ದಾರೆ. ಹತ್ತು ಗಂಟೆಗೆ ರೆಫರಿ ಬಂದು ನೆಲ ನೋಡುತ್ತಾನೆ. ಬೇಡವೆಂದರೆ ಪಂದ್ಯ ಯಾವುದೋ ಮಂಗಳವಾರ ಸಂಜೆಗೆ, ದೀಪದ ಬೆಳಕಿಗೆ ಹೋಗುತ್ತದೆ. ಬೇರೆ ಯಾರಿಗೂ ಅದರಿಂದ ನಷ್ಟವಿಲ್ಲ. ಗ್ಯಾರೆತ್‌ಗೆ ಮಾತ್ರ ಇವತ್ತೇ ಆಗಬೇಕು, ಹಗಲಲ್ಲೇ ಆಗಬೇಕು, ಈ ಎದುರಾಳಿಯ ಮೇಲೇ ಆಗಬೇಕು.

ವಾರದ ದಿನಗಳಲ್ಲಿ ಅವನು ಗಿಲಾವಿನ ಕೆಲಸಗಾರ. ಹೊಸ ಮನೆಗಳ ಗೋಡೆ, ಹಳೆ ಮನೆಗಳ ಛಾವಣಿ. ಮಂಗಳವಾರ, ಗುರುವಾರದ ಸಂಜೆ ಅಭ್ಯಾಸಕ್ಕೆ ಬರುವಾಗ ಹುಬ್ಬಿನ ಮೇಲೆ ಬಿಳಿ ಪುಡಿ ಕೂತಿರುತ್ತದೆ. ಶನಿವಾರ ಅವನು ಸ್ಟ್ರೈಕರ್. ಸ್ಥಳೀಯ ಪತ್ರಿಕೆಯಲ್ಲಿ ಅವನ ಹೆಸರಿನ ಹಿಂದೆ 'ಅನುಭವಿ' ಎಂಬ ಮಾತು ತಪ್ಪದೆ ಇರುತ್ತದೆ. ವಯಸ್ಸಾಯಿತು ಎನ್ನುವುದನ್ನು ಮರ್ಯಾದೆಯಿಂದ ಹೇಳುವ ರೀತಿ ಅದು.

ಹದಿನಾರಕ್ಕೆ ದೊಡ್ಡ ನಗರದ ದೊಡ್ಡ ಕ್ಲಬ್ಬೊಂದು ಅವನನ್ನು ಕಿರಿಯರ ತಂಡಕ್ಕೆ ಸೇರಿಸಿಕೊಂಡಿತ್ತು. ಹದಿನೆಂಟಕ್ಕೆ ಕರೆದು ಕೂರಿಸಿ, ಒಂದು ಲೋಟ ಕಿತ್ತಳೆ ರಸ ಕೊಟ್ಟು, ಬಿಟ್ಟುಬಿಟ್ಟಿತು. ಆ ಕೋಣೆಯಲ್ಲಿ ಪಕ್ಕದಲ್ಲಿ ಕೂತಿದ್ದವರು ತಂದೆ ಕ್ಲಿಫ್. ಬಸ್ಸು ಓಡಿಸುವ ಸಮವಸ್ತ್ರದಲ್ಲೇ ಬಂದಿದ್ದರು. ತರಬೇತುದಾರ ಹೇಳಿದ ಮಾತು ಇಬ್ಬರಿಗೂ ಬಾಯಿಪಾಠ: "ಹುಡುಗ ಒಳ್ಳೆಯವನು. ತಲೆಯೂ ಇದೆ. ಅರ್ಧ ಗಜ ನಿಧಾನ, ಅಷ್ಟೇ."

ಆ ಅರ್ಧ ಗಜವನ್ನು ಹೊತ್ತುಕೊಂಡೇ ಅವನು ಉತ್ತರದ ಊರೂರು ಸುತ್ತಿದ್ದಾನೆ. ಮಾಸ್‌ಬರಿಯಲ್ಲಿ ಎರಡು ವರ್ಷ. ಆಲ್ಡರ್‌ಫೋರ್ತ್‌ನಲ್ಲಿ ಒಂದು ವರ್ಷ, ಅಲ್ಲಿಂದ ಎರವಲಾಗಿ ಸಮುದ್ರದ ಕಡೆಯ ಇನ್ನೊಂದು ಕ್ಲಬ್ಬಿಗೆ, ಮತ್ತೆ ವಾಪಸ್ಸು. ಒಂದು ಕ್ಲಬ್ಬು ಅವನಿದ್ದಾಗಲೇ ಬಾಗಿಲು ಹಾಕಿತು. ಇನ್ನೊಂದರಲ್ಲಿ ಹೊಸ ಮ್ಯಾನೇಜರ್ ಇಡೀ ಋತು ಅವನನ್ನು ಗ್ಯಾರಿ ಎಂದು ಕರೆದ, ಅವನೂ ಓಗೊಟ್ಟ. ಹೆಂಡತಿ ಹೆದರ್ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. "ಮದುವೇಲಿ ನಮ್ಮಮ್ಮ ಕೊಟ್ಟ ಪರದೆ ಇದಾವೆ," ಎನ್ನುತ್ತಾಳೆ. "ಇಷ್ಟು ಬಾಡಿಗೆ ಮನೆ ಬದಲಾಯಿಸಿದ್ವಿ. ಒಂದು ಮನೆ ಕಿಟಕಿಗಾದ್ರೂ ಅಳತೆ ಸರಿಹೋಗಬಾರದಾ?"

ನೋಡಲು ಚಂದದ ಗೋಲುಗಳು ಅವನ ಲೆಕ್ಕದಲ್ಲಿ ಕಡಿಮೆ. ಮೊಣಕಾಲಿಗೆ ತಾಗಿದವು, ಸೊಂಟಕ್ಕೆ ಬಡಿದವು, ಒಮ್ಮೆ ಬೆನ್ನಿಗೆ ಬಿದ್ದು ಒಳಗೆ ಹೋದದ್ದು. ಗೋಲಿಗೆ ಬೆನ್ನು ಹಾಕಿ ನಿಂತು, ಮೇಲಿಂದ ಬರುವ ಚೆಂಡನ್ನು ಎದೆಯ ಮೇಲೆ ಇಳಿಸಿಕೊಂಡು, ಹಿಂದಿನವನ ಮೊಣಕೈ ಪೆಟ್ಟು ತಿನ್ನುತ್ತ, ಓಡಿ ಬರುವ ಹುಡುಗರಿಗೆ ತಳ್ಳುವುದು ಅವನ ನಿಜವಾದ ಕಸುಬು. ಗೋಲು ಹೊಡೆದ ಹುಡುಗರು ಮೇಲಿನ ಕ್ಲಬ್ಬುಗಳಿಗೆ ಹೋದರು. ಅವನು ಪಕ್ಕದ ಕ್ಲಬ್ಬುಗಳಿಗೆ ಹೋದ.

ಹೀಗೆ ಹೋದವನಿಗೆ ಒಂದು ಫಜೀತಿ ಉಂಟು. ಹಳೆಯ ಕ್ಲಬ್ಬಿನ ಮೇಲೆ ಗೋಲು ಹೊಡೆದರೆ ಸಂಭ್ರಮಿಸಬಾರದು ಎನ್ನುವುದು ಆಟಗಾರರ ನಡುವಿನ ಮರ್ಯಾದೆ. ಅಂಗೈಗಳನ್ನು ಎದೆಯ ಮುಂದೆ ಹಿಡಿದು, ತಲೆ ತಗ್ಗಿಸಿ, ಮೈದಾನದ ನಡುವಿಗೆ ನಡೆದು ಬರಬೇಕು. ಒಂದೆರಡು ಕ್ಲಬ್ಬಿಗೆ ಆಡಿದವನಿಗೆ ಇದು ವರ್ಷಕ್ಕೊಮ್ಮೆ ಬರುವ ಕಷ್ಟ. ಗ್ಯಾರೆತ್‌ಗೆ ಲೀಗಿನ ಈ ವಿಭಾಗದಲ್ಲಿ ಎತ್ತ ತಿರುಗಿದರೂ ಹಳೆಯ ಮನೆಯೇ. ಅವನು ಹಿಂದೆ ಆಡದ ಒಂದೆರಡು ಕ್ಲಬ್ಬುಗಳೂ ಅವನ ಗೋಲು ಕಾಣದೆಯೇ ಹೋದ ವರ್ಷ ಕೆಳಗಿನ ವಿಭಾಗಕ್ಕೆ ಜಾರಿದವು. ಈ ಊರಿಗೆ ಬಂದು ಇದು ಮೂರನೆಯ ಋತು. ಥಾರ್ನ್‌ಡೈಕಿನ ಜನ ಅವನು ಕೈ ಎತ್ತಿದ್ದನ್ನು ಕಂಡೇ ಇಲ್ಲ.

"ಹೊಡೆಯೋದೂ ಇವನೇ, ಸೂತಕದ ಮುಖ ಮಾಡೋದೂ ಇವನೇ," ಎಂದು ಮಾರ್ಲೀನ್ ಬಕೆಟ್ ಚೆಲ್ಲಿ ಬರುತ್ತ ಹೇಳುತ್ತಾಳೆ. "ಮೊದಮೊದಲು ನಾವು, ಪಾಪ, ಮನೇಲಿ ಏನೋ ತೊಂದರೆ ಇರಬೇಕು ಅಂದ್ಕೊಂಡಿದ್ವಿ."

ಇಷ್ಟು ಕಟ್ಟುನಿಟ್ಟಾಗಿ ಇದನ್ನು ಪಾಲಿಸುವವರು ಬೇರೆ ಇಲ್ಲ. ಕಾರಣ ಕೇಳಿದರೆ ಅವನು ಫೋರ್ಕಿನ ಹಿಡಿಯ ಮೇಲೆ ಗಲ್ಲ ಊರಿ ಮಾಸ್‌ಬರಿಯ ಕಥೆ ಹೇಳುತ್ತಾನೆ. ಮಾಸ್‌ಬರಿ ಬಿಟ್ಟ ವರ್ಷ ಅದೇ ಮೈದಾನಕ್ಕೆ ಎದುರಾಳಿಯಾಗಿ ಹೋಗಿದ್ದ. ಗೋಲು ಹೊಡೆದ. ಇಪ್ಪತ್ತೆರಡರ ರಕ್ತ, ಅಂಗಿ ಬೀಸುತ್ತ ಮೂಲೆಯ ಬಾವುಟದವರೆಗೆ ಓಡಿದ. "ಅಲ್ಲಿ ಬೇಲಿ ಹತ್ರ ಮಿಸೆಸ್ ಕ್ಲೆಗ್ ನಿಂತಿದ್ರು. ಎರಡು ವರ್ಷ ಅವರ ಮನೇಲೇ ಇದ್ದೆ. ಪಂದ್ಯದ ಹಿಂದಿನ ದಿನ ಎರಡು ತಟ್ಟೆ ಕುರಿಮಾಂಸದ ಸ್ಟ್ಯೂ ಬಡಿಸೋರು, ಸಾಲದು ಅಂತ ಬ್ರೆಡ್ಡು. ಕುತ್ತಿಗೇಲಿ ಮಾಸ್‌ಬರಿ ಶಾಲು. ನನ್ನ ನೋಡಿದ್ರು, ಮುಖ ಆ ಕಡೆ ತಿರುಗಿಸಿದ್ರು. ಬೈದಿದ್ರೆ ಪರವಾಗಿರ್ಲಿಲ್ಲ." ಅಷ್ಟು ಹೇಳಿ ಮತ್ತೆ ಚುಚ್ಚಲು ಶುರು ಮಾಡುತ್ತಾನೆ.

ಮರ್ಯಾದೆಯ ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಕ್ಲಿಫ್ ಪಿಲಿಂಗ್‌ರ ಕಣ್ಣು ಹೋಗುತ್ತಿದೆ. ನೋಟದ ನಟ್ಟನಡುವೆ ಮಸಿ ಮೆತ್ತಿದ ಹಾಗೆ, ಅಂಚಿನಲ್ಲಿ ಮಾತ್ರ ಬೆಳಕು. ಮಗ ಆಡಿದ ಪ್ರತಿ ಕ್ಲಬ್ಬಿನ ಶಾಲು ಕೊಂಡು, ಮಳೆ ಹಿಮ ಎನ್ನದೆ ಪ್ರತಿ ಶನಿವಾರ ಹೋದವರಿಗೆ ಈಗ ಚೆಂಡು ಕಾಣುವುದಿಲ್ಲ. ಆಟಗಾರರು ನೆರಳಿನಂತೆ ಕಾಣುತ್ತಾರೆ. ಎಡಗಾಲು ಎಳೆಯುವ ನೆರಳು ತನ್ನ ಮಗ ಎಂದು ಗೊತ್ತಾಗುತ್ತದೆ. ಸಂಜೆಯ ಪಂದ್ಯದಲ್ಲಿ ಕಣ್ಣು ಕೋರೈಸುವ ದೀಪಗಳಿಗೆ ಅದೂ ಇಲ್ಲ. ಬರುವ ಚಳಿಗಾಲಕ್ಕೆ ನೆರಳೂ ಉಳಿಯುವುದು ಅನುಮಾನ ಎಂದು ಡಾಕ್ಟರು ಹೇಳಿದ್ದಾರೆ. ಗ್ಯಾರೆತ್‌ನ ಮೊಣಕಾಲಿನ ಡಾಕ್ಟರು ಮೇ ತಿಂಗಳ ಆಚೆಗೆ ಏನನ್ನೂ ಹೇಳಲು ಒಪ್ಪುತ್ತಿಲ್ಲ.

"ಕ್ರಿಸ್‌ಮಸ್ ದಿನ ಊಟಕ್ಕೆ ಕೂತಾಗ ಅಪ್ಪ ಕೇಳಿದ್ರು," ಎನ್ನುತ್ತಾನೆ ಗ್ಯಾರೆತ್. "ಒಂದೇ ಒಂದು ಸಲ ಕೈ ಎತ್ತಿಬಿಡೋ, ಎರಡೂ ಕೈ, ಪೂರ್ತಿ. ಗೋಲು ಹೊಡೆದದ್ದು ನೀನೇ ಅಂತ ಪಕ್ಕದವರನ್ನ ಕೇಳದೆ ತಿಳ್ಕೋಬೇಕು ನಾನು, ಅಂತ. ನಾನಂದೆ, ಎತ್ತೋಣ ಅಪ್ಪ, ಯಾರ ಮೇಲೆ ಎತ್ತಲಿ ಹೇಳು."

ಉತ್ತರ ಒಂದೇ ಇತ್ತು. ಕೆಳಗಿನ ವಿಭಾಗದಿಂದ ಈ ವರ್ಷ ಮೇಲೆ ಬಂದ ಸ್ಕೆಲ್‌ವಿಕ್ ರೋವರ್ಸ್. ಈ ವಿಭಾಗದಲ್ಲಿ ಅವನನ್ನು ಎಂದೂ ಕರೆಯದ ಏಕೈಕ ಕ್ಲಬ್ಬು. ಅವರ ಊರಿನಲ್ಲಿ ನಡೆದ ಪಂದ್ಯ ಮೊಣಕಾಲಿಗೆ ಬಲಿಯಾಯಿತು. ಉಳಿದದ್ದು ಇವತ್ತಿನದು.

ರೆಫರಿ ಬಂದದ್ದು ಹತ್ತಕ್ಕೆ ಸರಿಯಾಗಿ. ಮೀನುಗಾರರ ಬೂಟು ಹಾಕಿಕೊಂಡ ತೆಳ್ಳನೆಯ ಮನುಷ್ಯ. ಚೆಂಡನ್ನು ತಲೆಯೆತ್ತರದಿಂದ ಬಿಡುತ್ತಾನೆ. ನಡುವಿನಲ್ಲಿ ಪುಟಿಯುತ್ತದೆ. ಮೂಲೆಗಳಲ್ಲಿ ಪುಟಿಯುತ್ತದೆ. ಕಾಲುವೆ ಕಡೆಯ ಗೋಲಿನ ಮುಂದೆ ಬಿದ್ದ ಚೆಂಡು ಸೆಗಣಿ ಮುದ್ದೆಯ ಹಾಗೆ ಬಿದ್ದಲ್ಲೇ ಕೂರುತ್ತದೆ.

"ಅಷ್ಟೇ ಜಾಗ," ಎನ್ನುತ್ತಾಳೆ ಮಾರ್ಲೀನ್. "ಒಂದು ಗಂಟೆ ಕೊಡು ಮರಿ. ಒಳಗೆ ಪೈ ಬಿಸಿ ಮಾಡಿಟ್ಟಿದೀನಿ, ತಿನ್ನೋಗು."

ರೆಫರಿ ಪೈ ತಿನ್ನುವಾಗ ಹೊರಗೆ ಮರಳು ಬೀಳುತ್ತದೆ, ಹಳೆಯ ಕಂಬಳಿಗಳು ಹರಡಿಕೊಳ್ಳುತ್ತವೆ, ಗ್ಯಾರೆತ್ ಅವುಗಳ ಮೇಲೆ ಹಿಂದಕ್ಕೂ ಮುಂದಕ್ಕೂ ಕುಣಿಯುತ್ತಾನೆ. ಎರಡನೆಯ ಸಲ ಬಿಟ್ಟಾಗ ಚೆಂಡು ಕಣಕಾಲಿನ ಎತ್ತರಕ್ಕೆ ಏಳುತ್ತದೆ, ಮನಸ್ಸಿಲ್ಲದ ಮನಸ್ಸಿನಿಂದ. ರೆಫರಿ ಅದನ್ನೇ ದಿಟ್ಟಿಸುತ್ತಾನೆ. ಗಡ್ಡದಲ್ಲಿ ಗ್ರೇವಿ. "ಸರಿ," ಎನ್ನುತ್ತಾನೆ. "ಆಡಿ."

ಮೂರು ಗಂಟೆಗೆ ಕ್ಲಿಫ್ ಪ್ರೇಕ್ಷಕರ ಸ್ಟ್ಯಾಂಡಿನ ತಮ್ಮ ಜಾಗದಲ್ಲಿದ್ದಾರೆ. ಪಕ್ಕದಲ್ಲಿ ಮಾರ್ಲೀನ್. ಅವರಿಗೆ ಆಟ ಹೇಳುವುದು ಅವಳ ಎರಡನೆಯ ಕೆಲಸ. ಸ್ಕೆಲ್‌ವಿಕ್‌ನಿಂದ ಬಂದವರಿಗೆ ಗ್ಯಾರೆತ್‌ನನ್ನು ಹೇಗೆ ಕಿಚಾಯಿಸಬೇಕೆಂದು ತಿಳಿಯದು. ಬೇರೆ ಊರಿನವರಾದರೆ 'ನಮ್ಮಲ್ಲಿದ್ದಾಗ ಯಾಕೋ ಹೀಗೆ ಆಡ್ಲಿಲ್ಲ' ಎಂದು ಶುರು ಮಾಡುತ್ತಿದ್ದರು. ಇವರು "ತಾತಾ, ಪಿಂಚಣಿ ಬಂತಾ?" ಎನ್ನುವುದರಲ್ಲಿ ತೃಪ್ತಿಪಟ್ಟುಕೊಳ್ಳುತ್ತಾರೆ. ವಿರಾಮಕ್ಕೆ ಒಂದಕ್ಕೊಂದು ಸಮ. ಥಾರ್ನ್‌ಡೈಕಿನ ಗೋಲು ನಾಯಕ ಟುಂಡೆಯದು. ಅವನು ವಾರವಿಡೀ ವಿದ್ಯುತ್ ತಂತಿ ಎಳೆಯುತ್ತಾನೆ.

ಎರಡನೆಯ ಅರ್ಧದಲ್ಲಿ ಕಾಲುವೆ ಕಡೆಗೆ ಆಡುವ ಸರದಿ. ಆಟ ಮುಗಿಯುತ್ತ ಬಂದಿದೆ. ಬಲಗಡೆಯಿಂದ ಟುಂಡೆ ಚೆಂಡನ್ನು ನೆಲದ ಮೇಲೆ ಬಿರುಸಾಗಿ ಗೋಲಿನ ಮುಂದಕ್ಕೆ ಹಾಯಿಸುತ್ತಾನೆ. ಸ್ಕೆಲ್‌ವಿಕ್‌ನ ರಕ್ಷಣಾ ಆಟಗಾರರಿಬ್ಬರು, ಗೋಲ್‌ಕೀಪರ್, ಎಲ್ಲರೂ ಚೆಂಡು ಹೋಗಬೇಕಾದ ಕಡೆಗೆ ಹಾರುತ್ತಾರೆ. ಚೆಂಡು ಹೋಗುವುದಿಲ್ಲ. ಬೆಳಿಗ್ಗೆ ಚುಚ್ಚಿ ಚುಚ್ಚಿ ಮೆದುವಾದ ಆ ತೇಪೆಯಲ್ಲಿ ಪಚಕ್ ಎಂದು ನಿಂತುಬಿಡುತ್ತದೆ. ಚುರುಕಾದವರೆಲ್ಲ ಅದನ್ನು ದಾಟಿ ಹೋಗಿದ್ದಾರೆ. ಎಡಗಾಲು ಎಳೆಯುತ್ತ ಹಿಂದೆ ಬರುತ್ತಿರುವವನ ಬೂಟಿನ ಮುಂದೆಯೇ ಅದು ಕೂತಿದೆ. ಅವನು ಸುಮ್ಮನೆ ತಳ್ಳುತ್ತಾನೆ.

ಗೋಲು.

ಗ್ಯಾರೆತ್ ಅಂಗೈಗಳನ್ನು ಎದೆಯ ಮುಂದೆ ಹಿಡಿಯುತ್ತಾನೆ. ತಲೆ ತಗ್ಗಿಸುತ್ತಾನೆ. ಬೆನ್ನು ತಟ್ಟಲು ಬಂದವರನ್ನು ಮೆಲ್ಲಗೆ ಸರಿಸಿ ಮೈದಾನದ ನಡುವಿಗೆ ನಡೆಯುತ್ತಾನೆ. ಕಂಬದ ಹಿಂದಿನ ಸ್ಕೆಲ್‌ವಿಕ್ ಜನ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ಇವನು ನಮಗೆ ಯಾವಾಗ ಆಡಿದ್ದ? ಗೊತ್ತಿಲ್ಲ. ಆದರೂ ಮರ್ಯಾದೆಗೆ ಮರ್ಯಾದೆ ಎಂದು ಚಪ್ಪಾಳೆ ತಟ್ಟುತ್ತಾರೆ.

"ಏನಾಯ್ತು?" ಎಂದು ಕ್ಲಿಫ್ ಕೇಳುತ್ತಾರೆ.

ಮಾರ್ಲೀನ್ ಮೈದಾನದ ಕಡೆಯೇ ನೋಡುತ್ತಾಳೆ. "ಗೋಲು... ನಮ್ಮದೇ."

"ಯಾರು?"

ಅವಳು ಹೆಸರು ಹೇಳುವಷ್ಟರಲ್ಲಿ ಸೀಟಿ ಊದಿ ಆಟ ಮತ್ತೆ ಶುರುವಾಗಿದೆ. ಟುಂಡೆ ಪಕ್ಕದಲ್ಲಿ ಓಡುತ್ತ ಕೂಗುತ್ತಾನೆ: "ಏಯ್ ಪಿಲ್ಲಿ! ತಲೆ ಕೆಟ್ಟಿದೆಯೇನೋ? ಇವರಿಗೆ ಯಾವಾಗ ಆಡಿದ್ದೆ ನೀನು?"

ಗ್ಯಾರೆತ್ ನಿಲ್ಲುತ್ತಾನೆ. ಚೆಂಡು ಅವನ ಪಕ್ಕದಲ್ಲೇ ಹಾದುಹೋಗುತ್ತದೆ. ಅವನು ಎದುರಾಳಿಗಳ ಅಂಗಿಯ ಬಣ್ಣ ನೋಡುತ್ತಾನೆ, ಆಮೇಲೆ ಸ್ಟ್ಯಾಂಡಿನ ಕಡೆ ನೋಡುತ್ತಾನೆ. ನೋಡಿ, ಎರಡೂ ಕೈಗಳನ್ನು ಪೂರ್ತಿ ಮೇಲೆತ್ತಿ, ಆಟವನ್ನು ಬೆನ್ನ ಹಿಂದೆ ಬಿಟ್ಟು, ಅಪ್ಪನ ಕಡೆಗೆ ಓಡತೊಡಗುತ್ತಾನೆ. "ವಾಪಸ್ ಬಾರೋ ಹುಚ್ಚ!" ಎಂದು ಮ್ಯಾನೇಜರ್ ಗೆರೆಯ ಪಕ್ಕದಲ್ಲಿ ಟೋಪಿ ಕಿತ್ತೆಸೆಯುತ್ತಾನೆ. ಹತ್ತೇ ಜನ ಉಳಿದ ಥಾರ್ನ್‌ಡೈಕಿನ ಮೇಲೆ ಸ್ಕೆಲ್‌ವಿಕ್ ನುಗ್ಗುತ್ತದೆ. ಹೊಡೆತ ಕಂಬಕ್ಕೆ ಬಡಿದು ಹೊರಗೆ ಹೋಗುತ್ತದೆ. ಸ್ಟ್ಯಾಂಡಿನಲ್ಲಿ ಅದನ್ನು ಯಾರೂ ಗಮನಿಸುವುದಿಲ್ಲ.

ಕ್ಲಿಫ್ ಎದ್ದು ನಿಂತಿದ್ದಾರೆ. ಮುಖ ಪಕ್ಕಕ್ಕೆ ತಿರುಗಿಸಿ, ಕಣ್ಣಂಚಿನಿಂದ ನೋಡುತ್ತಿದ್ದಾರೆ. "ಅದು ಅವನೇ. ಕೈ ಎತ್ತಿದಾನೆ. ಇನ್ನೊಂದಾ?"

"ಇಲ್ಲ ಮರಿ, ಆಗಿನದೇ. ಈಗ ನೆನಪಾಯ್ತು ಅವನಿಗೆ."

ಕ್ಲಿಫ್ ಶಾಲಿನಿಂದ ಮೂಗೊರೆಸಿಕೊಳ್ಳುತ್ತಾರೆ. "ಅರ್ಧ ಗಜ ಅಂದಿದ್ರು," ಎನ್ನುತ್ತಾರೆ. "ಸುಳ್ಳಲ್ಲ."

ಎರಡು-ಒಂದು. ಪಂದ್ಯದ ನಂತರ ಕ್ಲಬ್ಬಿನ ಬಾರಿನಲ್ಲಿ ಸ್ಕೆಲ್‌ವಿಕ್ ಮ್ಯಾನೇಜರ್ ಗ್ಯಾರೆತ್‌ನ ಕೈ ಕುಲುಕುತ್ತಾನೆ. ಮುಂದಿನ ಋತುವಿಗೆ ಹುಡುಗರ ಜೊತೆ ಒಬ್ಬ ಅನುಭವಿ ಬೇಕಂತೆ. ಮೊಣಕಾಲು ಒಪ್ಪಿದರೆ ಬರುತ್ತೀಯಾ ಎಂದು ಕೇಳುತ್ತಾನೆ. ಗ್ಯಾರೆತ್ ಮಂಜುಗಡ್ಡೆಯ ಚೀಲವನ್ನು ಮೊಣಕಾಲಿನ ಮೇಲೆ ಸರಿಪಡಿಸಿಕೊಳ್ಳುತ್ತ ಯೋಚಿಸುತ್ತಾನೆ. ಯಾರಾದರೂ ಕರೆದರೆ ಹೋಗುವುದು ಇಪ್ಪತ್ತು ವರ್ಷದ ಅಭ್ಯಾಸ. ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಕುರ್ಚಿಯಿಂದ ಕ್ಲಿಫ್ ಮಗನ ತೋಳು ಹುಡುಕಿ ಹಿಡಿಯುತ್ತಾರೆ.

"ಬೇಡ ಕಣೋ," ಎನ್ನುತ್ತಾರೆ. "ಕೈ ಎತ್ತೋದಕ್ಕೆ ಅದೊಂದನ್ನ ಉಳಿಸ್ಕೋ."